ಚಿಪ್ಪಿನ ಮೇಡಮ್

ಮೇಡಮ್ ನನ್ನನ್ನು ಕೇಳಿದ ಮೊದಲ ಪ್ರಶ್ನೆ ರಸಾಯನಶಾಸ್ತ್ರದ್ದಾಗಿರಲಿಲ್ಲ. ಪಿಎಚ್‌.ಡಿ.ಗೆ ಸೇರಿಸಿಕೊಳ್ಳಿ ಎಂದು ಕೇಳಲು ಎಂ.ಎಸ್ಸಿ. ಅಂಕಪಟ್ಟಿ ಹಿಡಿದುಕೊಂಡು ತುಮಕೂರಿನ ಅವರ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದೆ. ಅವರು ಸಿಂಕಿನ ಮುಂದೆ ನಿಂತು ಗಾಜಿನ ಕೊಳವೆಗಳನ್ನು ತೊಳೆಯುತ್ತಿದ್ದರು. ತಿರುಗಿಯೂ ನೋಡದೆ, "ಯಾವೂರಮ್ಮ?" ಅಂದರು.

"ನಿಟ್ಟೂರು ಮೇಡಮ್. ಈಗ ಗುಬ್ಬೀಲಿ ಪಾಠ ಮಾಡ್ತಿದೀನಿ."

"ಮನೇಲಿ ಹಸು ಇದ್ಯಾ?"

"ಅವ್ವನ ಮನೇಲಿದೆ."

"ಏನ್ ತಿನ್ನುತ್ತೆ?"

"ರಾಗಿ ಹುಲ್ಲು."

"ಬರೀ ಒಣಹುಲ್ಲು ತಿಂದು ಅದು ಹೆಂಗೆ ಓಡಾಡ್ಕೊಂಡು ಹಾಲು ಕೊಟ್ಕೊಂಡು ಇರುತ್ತೆ? ಹುಲ್ಲಲ್ಲಿ ಏನಿದೆ?"

ನಾನು ಪುಸ್ತಕದಲ್ಲಿ ಓದಿದ್ದನ್ನು ಶುರುಮಾಡಿದೆ. ಸೆಲ್ಯುಲೋಸ್, ಅದು ಗ್ಲೂಕೋಸಿನ ಉದ್ದನೆಯ ಸರಪಳಿ, ಆ ಸರಪಳಿಗಳು ಒಂದರ ಪಕ್ಕ ಒಂದು ಬಿಗಿಯಾಗಿ ಕೂತಿರುತ್ತವೆ ಎಂದೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡು ಆಗ ನನ್ನತ್ತ ತಿರುಗಿದರು. "ಅಂದ್ರೆ ಹುಲ್ಲು ಅನ್ನೋದು ಬೀಗ ಹಾಕಿಟ್ಟ ಸಕ್ಕರೆ. ಬೀಗ ತೆಗೆಯೋದು ಹಸೂನ ಹೊಟ್ಟೆಗೆ ಗೊತ್ತು. ನಮಗಿನ್ನೂ ನೆಟ್ಟಗೆ ಗೊತ್ತಿಲ್ಲ. ಸೋಮವಾರದಿಂದ ಬಾ." ಅಂಕಪಟ್ಟಿಯನ್ನು ಅವರು ಕೇಳಲೇ ಇಲ್ಲ. ನಾನು ಅದನ್ನು ಹಾಗೆಯೇ ಬ್ಯಾಗಿಗೆ ಹಾಕಿಕೊಂಡು ಗುಬ್ಬಿ ಬಸ್ಸು ಹತ್ತಿದೆ.

ಮೇಡಮ್ ಹೋದ ತಿಂಗಳು ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಮಾತಾಡಿದವರೆಲ್ಲ "ಸರಳತೆಯೇ ಮೈವೆತ್ತಂತೆ" ಎಂದರು. ಕೇಳಿ ನನಗೆ ನಗು ಬಂತು. ಮೇಡಮ್ ಸರಳರೇನೂ ಆಗಿರಲಿಲ್ಲ. ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆಯ ನೆರಿಗೆ ಒಂಚೂರು ಆಚೀಚೆಯಾದರೂ ಅವರಿಗೆ ಪಾಠ ಓಡುತ್ತಿರಲಿಲ್ಲ. ಕಾಫಿ ಸ್ವಲ್ಪ ಆರಿದ್ದರೆ ಕ್ಯಾಂಟೀನಿಗೆ ವಾಪಸು ಹೋಗುತ್ತಿತ್ತು. ಅವರ ಸ್ಟೂಲಿನಲ್ಲಿ ಬೇರೆ ಯಾರಾದರೂ ಕೂತರೆ ಹೇಳುತ್ತಿರಲಿಲ್ಲ, ಎದ್ದೇಳುವವರೆಗೂ ಪಕ್ಕದಲ್ಲೇ ನಿಂತಿರುತ್ತಿದ್ದರು. ನಗುವಾಗ ಸದ್ದೇ ಬರುತ್ತಿರಲಿಲ್ಲ, ಭುಜ ಮಾತ್ರ ಕುಲುಕುತ್ತಿತ್ತು. ಅಳುತ್ತಿದ್ದಾರೇನೋ ಎಂದು ಹೊಸಬರು ಗಾಬರಿಯಾಗುತ್ತಿದ್ದರು. ಯಾಕೆ ಮದುವೆಯಾಗಲಿಲ್ಲ ಎಂದು ಕೇಳಿದವರಿಗೆ, "ಆಗ್ಬೇಕು ಅಂತಿದ್ದೆ, ರಿಯಾಕ್ಷನ್ ಮಧ್ಯದಲ್ಲಿತ್ತು" ಎಂದು ಹೇಳಿ ಮಾತು ಮುಗಿಸುತ್ತಿದ್ದರು.

ಅವರದು ಕುಣಿಗಲ್. ತಂದೆಗೆ ಅಲ್ಲಿ ಹಗ್ಗ, ಟಾರ್ಪಾಲಿನ ಅಂಗಡಿಯಿತ್ತು. ಮನೆಯಲ್ಲಿ ಉರ್ದು, ಮನೆಯ ಹೊಸಿಲು ದಾಟಿದರೆ ಕನ್ನಡ. ವಾರವೆಲ್ಲ ತುಮಕೂರಿನಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದು ಶನಿವಾರ ಮಧ್ಯಾಹ್ನ ತಂಗಿಯ ಜೊತೆಗಿರಲು ಕುಣಿಗಲ್ ಬಸ್ಸು ಹಿಡಿಯುತ್ತಿದ್ದರು.

ನನಗೆ ಕೊಟ್ಟ ಕೆಲಸ ಕೇಳಲು ಸುಲಭವಾಗಿತ್ತು. ಹುಲ್ಲಿನಿಂದ ಸಕ್ಕರೆ ತೆಗೆಯಬೇಕು, ತೆಂಗಿನ ಚಿಪ್ಪಿನಿಂದ ಮಾಡಿದ ಇದ್ದಿಲಿನ ಸಹಾಯದಿಂದ. ಮೊದಲು ಹುಲ್ಲು ಬೇಕಲ್ಲ? ಮೇಡಮ್ ತಾವೇ ನೋಡುತ್ತೇನೆಂದು ನನ್ನ ಜೊತೆ ನಿಟ್ಟೂರಿಗೆ ಬಂದರು. ಅವ್ವ ಎಳನೀರು ಕೊಟ್ಟು, ಕುರ್ಚಿ ಹಾಕಿ, ಬಂದ ವಿಷಯ ಕೇಳಿದ ಮೇಲೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಹುಲ್ಲಾ? ಬ್ಯಾಸ್ಗೇಲಿ ದನಕ್ಕೇ ಸಾಲಾಕಿಲ್ಲ ಮೇಡಮ್ನೋರೆ. ಅದ್ರ ಬಾಯಿಂದ ಕಿತ್ಕೊಂಡು ಸಕ್ರೆ ಮಾಡ್ತೀರಾ?"

ನನಗೆ ನಾಚಿಕೆಯಾಯಿತು. ಮೇಡಮ್ ಮಾತ್ರ ಕೊಟ್ಟಿಗೆಗೆ ಹೋಗಿ, ಗೋದಲಿಯ ಕೆಳಗೆ ಹಸು ತಿನ್ನದೆ ಬಿಟ್ಟಿದ್ದ ಗಟ್ಟಿ ಕಡ್ಡಿಗಳನ್ನು ಬಗ್ಗಿ ಆರಿಸಿ, ಮುರಿದು, ಮೂಸಿ ನೋಡಿದರು. "ಇದನ್ನೇನ್ ಮಾಡ್ತೀರಮ್ಮ?"

"ತಿಪ್ಪೆಗಾಕ್ತೀವಿ."

"ಹಂಗಾದ್ರೆ ಹಸು ಬೇಡ ಅಂದಿದ್ದು ನಮಗಿರಲಿ. ತಿನ್ನೋ ಹುಲ್ಲಿಗೆ ನಾನು ಕೈ ಹಾಕಲ್ಲ."

ಅವ್ವ ಅಲ್ಲಿಗೆ ಒಲಿದುಬಿಟ್ಟಳು. ಚೀಲಕ್ಕೆ ಕಡ್ಡಿ ತುಂಬುತ್ತ ಕೇಳಿದಳು, "ಸಕ್ರೆ ಆದ್ಮೇಲೆ ಕಾಫೀಗೆ ಹಾಕ್ಬೋದಾ?"

"ಇಲ್ಲಮ್ಮ. ಅದನ್ನ ಹುಳಿ ಬರಿಸಿ ಗಾಡಿಗೆ ಹಾಕೋ ಇಂಧನ ಮಾಡಬಹುದು, ಪ್ಲಾಸ್ಟಿಕ್ ಥರದ್ದು ಏನಾದ್ರೂ ಮಾಡಬಹುದು."

"ಅಷ್ಟೆಲ್ಲಾ ಒದ್ದಾಡಿ ಒಂದ್ ಲೋಟ ಕಾಫೀಗೂ ಆಗ್ನಿಲ್ಲ ಅಂದ್ರೆ ಏನ್ ಚೆಂದ ಬುಡಿ!"

ಮೇಡಮ್ಮರ ಭುಜ ವಾಪಸು ಬರುವ ದಾರಿಯುದ್ದಕ್ಕೂ ಆಗಾಗ ಕುಲುಕುತ್ತಿತ್ತು.

ಚಿಪ್ಪು ಗುಬ್ಬಿಯ ಕೊಬ್ಬರಿ ವ್ಯಾಪಾರಿಯೊಬ್ಬರ ಮನೆಯಂಗಳದಲ್ಲಿ ಬೇಕಾದಷ್ಟು ಸಿಗುತ್ತಿತ್ತು. ಒಂದು ಸಲ ಇಬ್ಬರೂ ಮೂಟೆ ಹೊತ್ತುಕೊಂಡು ತುಮಕೂರು ಬಸ್ಸು ಹತ್ತಿದೆವು. ಕಂಡಕ್ಟರು ಮೂಟೆಯನ್ನು ಕಾಲಲ್ಲಿ ಒತ್ತಿ ನೋಡಿ, "ಏನ್ ಮೇಡಮ್, ಕೊಬ್ರಿ ಎಲ್ಲಾ ಅವ್ರಿಟ್ಕೊಂಡು ನಿಮ್ ಕೈಗೆ ಚಿಪ್ಪು ಕೊಟ್ಟು ಕಳ್ಸವ್ರಲ್ಲಾ!" ಅಂದ. ಬಸ್ಸೆಲ್ಲ ನಕ್ಕಿತು. ಮೇಡಮ್ ಗಂಭೀರವಾಗಿ, "ಚಿಪ್ಪೇ ಬೇಕು ಅಂತ ಕೇಳಿ ಇಸ್ಕೊಂಡು ಬಂದಿದೀನಿ ಕಣಪ್ಪ. ಲಗೇಜ್ ಟಿಕೆಟ್ ಹರಿ" ಅಂದರು. ಅವತ್ತಿನಿಂದ ಆ ಬಸ್ಸಿನವರಿಗೆಲ್ಲ ಅವರು ಚಿಪ್ಪಿನ ಮೇಡಮ್. ಹೆಸರು ಹೇಗೋ ಕಾಲೇಜಿಗೂ ಬಂತು. ಅವರಿಗೆ ಅದು ತಿಳಿದಿತ್ತು, ಇಷ್ಟವೂ ಇತ್ತೆಂದು ನನ್ನ ಊಹೆ.

ಸೇರಿದ ಹೊಸದರಲ್ಲಿ ನಾನೊಂದು ಅನುಮಾನ ಕೇಳಿದ್ದೆ. ಗಂಧಕಾಮ್ಲ ಸುರಿದು ಕಾಯಿಸಿದರೆ ಹುಲ್ಲು ಒಡೆದು ಸಕ್ಕರೆಯಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಮತ್ತೆ ಈ ಇದ್ದಿಲಿನ ರಗಳೆ ಯಾಕೆ? ಮಧ್ಯಾಹ್ನದ ಊಟದ ಹೊತ್ತು. ಮೇಡಮ್ ಡಬ್ಬಿಯಲ್ಲಿದ್ದ ಪಲಾವನ್ನು ನನ್ನ ಮುಚ್ಚಳಕ್ಕೆ ಹಾಕುತ್ತ ಹೇಳಿದರು: "ಆಸಿಡ್ ಸುರಿಯೋದು ಸುಲಭ. ಆಮೇಲೆ ಅದನ್ನ ಸಕ್ಕರೆ ನೀರಿಂದ ಆಚೆ ತೆಗೆಯೋದ್ಯಾರು? ಸುಣ್ಣ ಹಾಕಿ ಸಾಯಿಸ್ಬೇಕು, ಗುಡ್ಡೆಗಟ್ಟಲೆ ಕಸ ಆಗುತ್ತೆ. ಪಾತ್ರೇನೂ ತಿಂದು ಹಾಕುತ್ತೆ. ಈ ಪಲಾವ್‌ಗೆ ನನ್ನ ತಂಗಿ ಮಸಾಲೆನ ಬಟ್ಟೇಲಿ ಗಂಟು ಕಟ್ಟಿ ಬಿಟ್ಟಿರ್ತಾಳೆ. ಬೆಂದ್ಮೇಲೆ ಗಂಟು ಎತ್ತಿ ಆಚೆ. ಬಾಯಿಗೆ ಲವಂಗ ಸಿಗಲ್ಲ. ಹಂಗೆ ಆಸಿಡ್‌ನ ಇದ್ದಿಲಿಗೆ ಕಟ್ಟಬೇಕು. ಕೆಲಸ ಮಾಡ್ಬೇಕು, ಸೋಸಿದ್ರೆ ಆಚೆ ಬರಬೇಕು, ತೊಳೆದು ನಾಳೆ ಮತ್ತೆ ಹಾಕಂಗಿರಬೇಕು." ಒಂದು ತುತ್ತು ತಿಂದು ಸೇರಿಸಿದರು, "ಒಂದೇ ವ್ಯತ್ಯಾಸ. ಮಸಾಲೆ ತನ್ನ ಘಮ ಬಿಟ್ಟುಕೊಡುತ್ತೆ. ಇದು ಏನನ್ನೂ ಬಿಟ್ಟುಕೊಡಬಾರದು."

ಇದನ್ನೇ ಪುಸ್ತಕದ ಕನ್ನಡದಲ್ಲಿ ಘನ ವೇಗವರ್ಧಕ ಎನ್ನುತ್ತಾರೆ. ಮಾಡುವ ರೀತಿ ಹೀಗೆ: ಚಿಪ್ಪನ್ನು ಮುಚ್ಚಿದ ಡಬ್ಬಿಯಲ್ಲಿ ಅರೆಬರೆ ಸುಟ್ಟು ಇದ್ದಿಲು ಮಾಡುವುದು. ಪುಡಿಮಾಡಿ ಬಿಸಿ ಗಂಧಕಾಮ್ಲದಲ್ಲಿ ಇಡುವುದು. ಆಮ್ಲದ ಒಂದಿಷ್ಟು ಅಂಶ ಇದ್ದಿಲಿಗೆ ಅಂಟಿಕೊಳ್ಳುತ್ತದೆ. ಅಂಟದೆ ಉಳಿದದ್ದು ಹೋಗುವವರೆಗೆ ಬಿಸಿನೀರಿನಲ್ಲಿ ತೊಳೆಯುವುದು. ತೊಳೆದ ನೀರಿಗೆ ಬೇರಿಯಂ ಕ್ಲೋರೈಡಿನ ಹನಿ ಹಾಕಿದರೆ, ಆಮ್ಲ ಉಳಿದಿದ್ದಲ್ಲಿ ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಇಲ್ಲದಿದ್ದರೆ ತಿಳಿಯಾಗಿಯೇ ಇರುತ್ತದೆ. ಮೇಡಮ್ ಕೊಳವೆಯನ್ನು ಕಿಟಕಿಗೆ ಹಿಡಿದು, ಹಿಂದೆ ತಮ್ಮ ಕಪ್ಪು ಛತ್ರಿ ಬಿಚ್ಚಿಟ್ಟು ನೋಡುತ್ತಿದ್ದರು. ಕಪ್ಪಿನ ಎದುರು ಸಣ್ಣ ಬಿಳುಪೂ ಕಾಣುತ್ತದೆಂದು. ಲ್ಯಾಬಿನೊಳಗೆ ಛತ್ರಿ ಬಿಚ್ಚಿ ಕೂತವರನ್ನು ಕಂಡು ಬೇರೆ ವಿಭಾಗದವರು ಬಾಗಿಲಲ್ಲೇ ನಿಲ್ಲುತ್ತಿದ್ದರು.

ಹುಲ್ಲಿನ ಪುಡಿ, ಇದ್ದಿಲು, ನೀರು ಮೂರನ್ನೂ ಉಕ್ಕಿನ ಪಾತ್ರೆಯಲ್ಲಿ ಹಾಕಿ ಬಿಗಿದು ಕಾಯಿಸಬೇಕು. ಕುಕ್ಕರಿನಂಥದ್ದೇ, ಆದರೆ ಕುಕ್ಕರಿಗಿಂತ ಎಷ್ಟೋ ಹೆಚ್ಚು ಬಿಸಿ. ಮೊದಲ ವರ್ಷವೆಲ್ಲ ಕಂದು ನೀರು, ಸುಟ್ಟ ವಾಸನೆ. ಎರಡನೇ ವರ್ಷ ಒಂದು ದಿನ, ಸೋಸಿದ ನೀರಿಗೆ ಸಕ್ಕರೆ ಪತ್ತೆಹಚ್ಚುವ ಹಳದಿ ದ್ರಾವಣ ಹಾಕಿ ಬಿಸಿಮಾಡಿದಾಗ ಅದು ಇಟ್ಟಿಗೆ ಕೆಂಪಾಯಿತು. ಅಷ್ಟು ಕೆಂಪನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಓಡಿಹೋಗಿ ಮೇಡಮ್ಮರನ್ನು ಕ್ಲಾಸಿನಿಂದ ಕರೆತಂದೆ. ನೋಡಿ, "ಇನ್ನೊಂದ್ ಸಲ ಮಾಡು" ಅಂದರು. ಮಾಡಿದೆ. ಮತ್ತೆ ಕೆಂಪು. ಮೇಡಮ್ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಆ ಕೊಳವೆಯನ್ನು ಸಂಜೆಯವರೆಗೂ ಮೇಜಿನ ಮೇಲಿಟ್ಟುಕೊಂಡಿದ್ದರು.

ಸುದ್ದಿ ಹರಡಲು ಹೊತ್ತು ಬೇಕಾಗಲಿಲ್ಲ. ಬೆಂಗಳೂರಿನ ಒಂದು ಸಣ್ಣ ಕಂಪನಿಯ ಮ್ಯಾನೇಜರೊಬ್ಬರು ಬಂದು ನೋಡಿದರು. ತುಮಕೂರಿನ ಹತ್ತಿರ ಒಂದು ಶೆಡ್ಡಿನಲ್ಲಿ ದೊಡ್ಡ ಪಾತ್ರೆಯಲ್ಲಿ ಮಾಡಿ ನೋಡೋಣ, ಮುಂದಿನ ತಿಂಗಳು ನಮ್ಮ ಯಜಮಾನರನ್ನು ಕರೆತರುತ್ತೇನೆ ಎಂದರು. ನಾನು ಪ್ರಬಂಧ ಬರೆಯಲು ಕೂತೆ. ನಿಟ್ಟೂರಿನಲ್ಲಿ ಅವ್ವ ಬೀದಿಗೆಲ್ಲ ಸಾರಿದ್ದಳು, "ನಮ್ ಮಂಜುಳಾ ಗೋದ್ಲಿ ಕಸ್ದಾಗೆ ಸಕ್ರೆ ತೆಗ್ದವ್ಳೆ!"

ಕಂಪನಿಯವರು ಬರುವ ಹಿಂದಿನ ವಾರ ಮೇಡಮ್ ನನ್ನನ್ನು ಕರೆದು ಹೇಳಿದರು. "ಒಂದು ಕೆಲಸ ಉಳಿದುಬಿಟ್ಟಿದೆ. ಹುಲ್ಲು ಹಾಕ್ಬೇಡ. ಬರೀ ನೀರು, ಇದ್ದಿಲು. ಅಷ್ಟೇ ಹೊತ್ತು ಕಾಯಿಸು. ಇದ್ದಿಲನ್ನ ಸೋಸಿ ತೆಗೆದುಬಿಡು. ಆ ನೀರಿಗೆ ಹುಲ್ಲು ಹಾಕಿ ಮತ್ತೆ ಕಾಯಿಸು."

"ಇದ್ದಿಲೇ ಇಲ್ದಿದ್ರೆ ಏನಾಗುತ್ತೆ ಮೇಡಮ್?"

"ಏನೂ ಆಗಬಾರದು. ಅದನ್ನೇ ನೋಡ್ಬೇಕು."

ಆಯಿತು. ಇದ್ದಿಲೇ ಇಲ್ಲದ ನೀರಿನಲ್ಲಿ ಹುಲ್ಲು ಬೆಂದು ಸಕ್ಕರೆಯಾಗಿ, ದ್ರಾವಣ ಮೊದಲಿನಷ್ಟೇ ಇಟ್ಟಿಗೆ ಕೆಂಪಾಯಿತು. ಇದ್ದಿಲು ಸೋಸಿ ತೆಗೆದಿದ್ದ ನೀರಿನಲ್ಲಿ ಉಳಿದಿದ್ದಕ್ಕೆ ಮೇಡಮ್ ತಾವೇ ಬೇರಿಯಂ ಹನಿ ಹಾಕಿದರು. ಛತ್ರಿ ಬಿಚ್ಚುವ ಅಗತ್ಯವೇ ಬೀಳಲಿಲ್ಲ. ನೀರು ಮಜ್ಜಿಗೆಯಂತೆ ಬೆಳ್ಳಗಾಯಿತು.

ತೊಳೆಯುವಾಗಿನ ಬಿಸಿಗೆ ಗಟ್ಟಿಯಾಗಿ ಹಿಡಿದಿದ್ದ ಆಮ್ಲ, ಮುಚ್ಚಿದ ಪಾತ್ರೆಯ ಆ ದೊಡ್ಡ ಬಿಸಿಗೆ ಬಿಟ್ಟುಕೊಂಡು ನೀರಿಗೆ ಬಂದಿತ್ತು. ಇಷ್ಟು ದಿನ ಹುಲ್ಲನ್ನು ಒಡೆದದ್ದು ಇದ್ದಿಲಲ್ಲ, ನಾವು ಯಾವುದು ಬೇಡವೆಂದು ಹೊರಟಿದ್ದೆವೋ ಅದೇ ಆಮ್ಲ.

"ಗಂಟು ಬಿಚ್ಕೊಂಡಿದೆ," ಅಂದರು ಮೇಡಮ್.

ಅವರು ತಮ್ಮ ಸ್ಟೂಲನ್ನೇ ನನ್ನ ಕಡೆಗೆ ತಳ್ಳಿದರು. ಆಮೇಲೆ, "ತಿಂಡಿ ತಿಂದಿದ್ಯಾ?" ಎಂದು ಕೇಳಿ, ನನ್ನನ್ನು ಎಬ್ಬಿಸಿಕೊಂಡು ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿಗೆ ಕರೆದೊಯ್ದು ತಟ್ಟೆ ಇಡ್ಲಿ ಹೇಳಿದರು. ತಾವು ಚಟ್ನಿ ಮತ್ತೆ ಹಾಕಿಸಿಕೊಂಡು ತಿಂದರು. ನನ್ನ ತಟ್ಟೆ ಹಾಗೆಯೇ ಇತ್ತು.

"ತಿನ್ನು ಮಂಜುಳಾ. ತಪ್ಪಾಗಿರೋದು ಇದ್ದಿಲಲ್ಲಿ, ಇಡ್ಲೀಲಲ್ಲ."

ನನಗೆ ಸಿಟ್ಟು ಬಂತು. "ಈ ಟೆಸ್ಟ್ ಮೊದಲೇ ಮಾಡಿಸಿದ್ರೆ ಇಷ್ಟೆಲ್ಲಾ ಆಗ್ತಿರ್ಲಿಲ್ಲ ಮೇಡಮ್."

ಅವರು ಕೈ ತೊಳೆಯಲು ಏಳುತ್ತಿದ್ದವರು ಮತ್ತೆ ಕೂತರು. "ಮಾಡಿಸ್ಬೇಕಿತ್ತು. ಕೆಂಪು ನೋಡಿ ನಾನೂ ಮರುಳಾದೆ ಕಣೇ. ಅದು ನಿಂದಲ್ಲ, ನಂದು."

ಇದನ್ನು ಹೋಟೆಲಿನಲ್ಲಿ ನನಗೊಬ್ಬಳಿಗೇ ಹೇಳಿ ಸುಮ್ಮನಾಗಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲ. ಕಂಪನಿಯ ಯಜಮಾನರು ಬಂದ ದಿನ ಅವರೆದುರಿಗೇ ಮೇಡಮ್ ಅದೇ ಪರೀಕ್ಷೆ ಮಾಡಿ ತೋರಿಸಿದರು. ನೀರು ಬೆಳ್ಳಗಾಯಿತು. ಯಜಮಾನರು ಸಂಭಾವಿತರು. ಅವರಿಗೆ ನಿಜಕ್ಕೂ ಅರ್ಥವಾಗಲಿಲ್ಲ.

"ಸಕ್ಕರೆ ಬರ್ತಿದೆಯಲ್ಲ ಮೇಡಮ್, ಅಷ್ಟು ಸಾಲ್ದಾ?"

"ಇವತ್ತು ಬರುತ್ತೆ ಸರ್. ನಾಳೆ ಅದೇ ಇದ್ದಿಲು ಹಾಕಿದ್ರೆ ಕಮ್ಮಿ ಬರುತ್ತೆ. ನಾಡಿದ್ದು ನಿಮ್ಮ ಶೆಡ್ಡಲ್ಲಿ ಬರೀ ಇದ್ದಿಲಿರುತ್ತೆ, ತುಕ್ಕು ಹಿಡಿದ ಪಾತ್ರೆ ಇರುತ್ತೆ. ಆಮೇಲೆ ನೀವು ನನಗೆ ಫೋನ್ ಮಾಡ್ತೀರ. ಅದಕ್ಕೆ ಈಗ್ಲೇ ಹೇಳ್ತಿದೀನಿ."

ಅವರು ಕಾಫಿ ಕುಡಿದು, ಸರಿಹೋದಾಗ ತಿಳಿಸಿ ಎಂದು ಹೇಳಿ ಹೊರಟರು. ನನ್ನ ಪ್ರಗತಿ ನೋಡುವ ಸಮಿತಿಯ ಮುಂದೆಯೂ ಮೇಡಮ್ ಎದ್ದು ನಿಂತು ಹೇಳಿದರು: "ಈ ಹುಡುಗಿ ಹೇಳಿದ್ದನ್ನ ಹೇಳಿದಂಗೆ ಮಾಡಿದಾಳೆ. ಹೇಳಬೇಕಾದ್ದನ್ನ ಹೇಳದೆ ಇದ್ದಿದ್ದು ನಾನು. ಇವಳಿಗೆ ಸಮಯ ಕೊಡಿ." ಹಿರಿಯರೊಬ್ಬರು ಬೇರೆ ವಿಷಯ ತಗೊಳ್ಳಿ, ಬೇಗ ಮುಗಿಯುತ್ತೆ ಎಂದರು. ಹೊರಗೆ ಬಂದ ಮೇಲೆ ಮೇಡಮ್ ನನ್ನನ್ನೇ ಕೇಳಿದರು. "ಅವರು ಹೇಳೋದು ಸುಳ್ಳಲ್ಲ. ನೀನು ಬಿಟ್ರೂ ನನಗೆ ಬೇಜಾರಿಲ್ಲ. ಮನೇಲಿ ಯೋಚನೆ ಮಾಡಿ ಸೋಮವಾರ ಹೇಳು."

ಭಾನುವಾರವೆಲ್ಲ ಬಿಡುವುದೆಂದೇ ತೀರ್ಮಾನಿಸಿದ್ದೆ. ಹೇಳುವ ಮಾತನ್ನೂ ಗುಬ್ಬಿಯಿಂದ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದೆ. ಲ್ಯಾಬಿಗೆ ಬಂದರೆ ಮೇಡಮ್ ಆಗಲೇ ಬಂದು, ಉಕ್ಕಿನ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಬ್ರಷ್ಷಿನಿಂದ ಉಜ್ಜುತ್ತಿದ್ದರು. ಸೀರೆಯ ನೆರಿಗೆ ಪೂರ್ತಿ ಒದ್ದೆಯಾಗಿತ್ತು, ಅದರ ಕಡೆಗೆ ಅವರ ಗಮನವೇ ಇರಲಿಲ್ಲ. "ಏನ್ ಯೋಚನೆ ಮಾಡ್ದೆ?" ಎಂದು ಕೇಳಲೂ ಇಲ್ಲ. "ನೋಡು, ಬಿಟ್ಟುಹೋಗೋದೆಲ್ಲ ಮೊದಲೇ ಹೋಗಿಬಿಡ್ಲಿ. ಹುಲ್ಲು ಹಾಕೋಕ್ಕೆ ಮುಂಚೆ, ಇದ್ದಿಲನ್ನೇ ಇದೇ ಪಾತ್ರೇಲಿ, ಇದೇ ಬಿಸೀಲಿ, ಬರೀ ನೀರಲ್ಲಿ ಬೇಯಿಸೋಣ. ನೀರು ಬಿಳುಪಾಗೋದು ನಿಲ್ಲೋವರ್ಗೂ. ಅಷ್ಟಾದ್ಮೇಲೂ ಅದರಲ್ಲಿ ಏನಾದ್ರೂ ಉಳಿದಿದ್ರೆ ಅದು ನಮ್ಮದು." ನಾನು ಜೋಡಿಸಿಕೊಂಡಿದ್ದ ಮಾತನ್ನು ಹೇಳಲಿಲ್ಲ. ಬ್ಯಾಗಿಟ್ಟು ಕೋಟು ಹಾಕಿಕೊಂಡೆ.

ಆಮೇಲಿನದು ಹೇಳಲು ರೋಚಕವಾಗಿಲ್ಲ. ಬೇಯಿಸುವುದು, ಸೋಸುವುದು, ಹನಿ ಹಾಕುವುದು, ಬಿಳುಪು ನೋಡುವುದು. ಚಿಪ್ಪನ್ನು ಎಷ್ಟು ಸುಡಬೇಕು ಎಂಬುದರಿಂದಲೇ ಮತ್ತೆ ಶುರುಮಾಡಿದೆವು. ಸುಟ್ಟದ್ದು ಕಡಿಮೆಯಾದರೆ ಆಮ್ಲ ನಿಲ್ಲುತ್ತಿರಲಿಲ್ಲ, ಹೆಚ್ಚಾದರೆ ಅಂಟುತ್ತಲೇ ಇರಲಿಲ್ಲ. ಇನ್ನೊಂದು ತೊಡಕು ಬಂತು. ಹುಲ್ಲಿನ ಕರಗದ ಭಾಗವೂ ಕಪ್ಪಾಗಿ ಇದ್ದಿಲಿನ ಜೊತೆ ಬೆರೆತು, ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ. ಮೇಡಮ್ ಇದ್ದಿಲನ್ನು ಪುಡಿಮಾಡುವುದನ್ನು ಬಿಡಿಸಿ, ಸಾಬೂದಾನಿಯಷ್ಟು ದಪ್ಪಕ್ಕೆ ಒಡೆಸಿದರು. ಹುಲ್ಲನ್ನು ಹಿಟ್ಟಿನಂತೆ ನುಣ್ಣಗೆ ಮಾಡಿಸಿದರು. ಆಮೇಲೆ ಟೀ ಸೋಸುವ ಜರಡಿಯೇ ಸಾಕಾಯಿತು.

ಆ ದಿನಗಳಲ್ಲಿ ಮೇಡಮ್ ಖುಷಿಯಾಗಿದ್ದರು. ಇದು ನನಗೆ ಈಗ ಹೆಚ್ಚು ಹೆಚ್ಚು ಆಶ್ಚರ್ಯವೆನಿಸುತ್ತದೆ. ಕಂಪನಿ ಹೋಗಿತ್ತು, ನಿವೃತ್ತಿ ಹತ್ತಿರ ಬರುತ್ತಿತ್ತು. ಅವರು ಮಾತ್ರ ಬಸ್‌ಸ್ಟ್ಯಾಂಡಿನಿಂದ ಉಪ್ಪು ಖಾರ ಹಾಕಿದ ಸೀಬೆಕಾಯಿ ತಂದು, ಪಾತ್ರೆ ಆರುವವರೆಗೆ ಕಿಟಕಿಯ ಹತ್ತಿರ ಕೂತು ತಿನ್ನುತ್ತ, ಕುಣಿಗಲ್ ಕೆರೆ ಕೋಡಿ ಬಿದ್ದಾಗ ಅಪ್ಪನ ಸೈಕಲ್ಲಿನಲ್ಲಿ ನೋಡಲು ಹೋಗಿದ್ದ ಕಥೆ ಹೇಳುತ್ತಿದ್ದರು.

ಕೊನೆಗೂ ಒಂದು ಮಧ್ಯಾಹ್ನ, ಇದ್ದಿಲು ಬೇಯಿಸಿ ಸೋಸಿದ ನೀರಿಗೆ ಹನಿ ಹಾಕಿದೆ. ಏನೂ ಆಗಲಿಲ್ಲ. ಮೇಡಮ್ ಛತ್ರಿ ಬಿಚ್ಚಿದರು. ಏನೂ ಇಲ್ಲ. ಆ ನೀರಿಗೆ ಹುಲ್ಲು ಹಾಕಿ ಕಾಯಿಸಿದೆವು, ಹಳದಿ ದ್ರಾವಣ ಹಳದಿಯಾಗಿಯೇ ಉಳಿಯಿತು. ನಂತರ ಅದೇ ಇದ್ದಿಲಿನ ಜೊತೆ ಹುಲ್ಲು ಹಾಕಿ ಕಾಯಿಸಿದೆವು. ಇಟ್ಟಿಗೆ ಕೆಂಪಲ್ಲ, ಗೇರುಹಣ್ಣಿನ ನಸುಗೆಂಪು. ಮೊದಲು ಬಂದಿದ್ದರ ಅರ್ಧಕ್ಕೂ ಕಡಿಮೆ. ಆದರೆ ಅದೇ ಇದ್ದಿಲನ್ನು ತೊಳೆದು ಮತ್ತೆ ಹಾಕಿದರೆ ಮತ್ತೆ ಅಷ್ಟೇ, ಮರುದಿನ ಹಾಕಿದರೆ ಮತ್ತೆ ಅಷ್ಟೇ.

"ಕಮ್ಮಿ ಅಲ್ವಾ ಮೇಡಮ್?" ಅಂದೆ.

"ಕಮ್ಮೀನೇ. ಆದ್ರೆ ಇದು ಮಾತಿಗೆ ತಪ್ಪಲ್ಲ."

ನನ್ನ ಪ್ರಬಂಧದಲ್ಲಿ ಕೆಟ್ಟುಹೋದ ಇದ್ದಿಲಿಗೂ ಒಂದು ಅಧ್ಯಾಯ ಬರೆಸಿದರು, ಚಿತ್ರ ಸಮೇತ. ಬೇರೆ ಯಾರೂ ಅದೇ ಗುಂಡಿಗೆ ಬೀಳದಿರಲಿ ಎಂದು. ಮೌಖಿಕ ಪರೀಕ್ಷೆಗೆ ಬಂದವರು ಪೂರ್ತಿ ಆ ಅಧ್ಯಾಯದ ಮೇಲೆಯೇ ಕೇಳಿದರು. ಮೇಡಮ್ ಹಿಂದಿನ ಸಾಲಿನಲ್ಲಿ ಅವ್ವನ ಪಕ್ಕ ಕೂತು, ನಡೆಯುತ್ತಿರುವುದನ್ನು ಅವಳಿಗೆ ಪಿಸುಗುಟ್ಟುತ್ತಿದ್ದರು. ಡಾಕ್ಟರೇಟ್ ಕೊಡಬಹುದು ಎಂದಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ್ದು ಅವ್ವ.

ಹೋದ ಭಾನುವಾರ ಕುಣಿಗಲ್‌ಗೆ ಅವರನ್ನು ನೋಡಲು ಹೋಗಿದ್ದೆ. ತಂಗಿ ಕಿಟಕಿಯ ಹತ್ತಿರ ಹೊಲಿಗೆ ಮಿಷನ್ ಮುಂದೆ ಕೂತಿದ್ದರು. ಮೇಡಮ್ ಕುರ್ಚಿಯಲ್ಲಿ ಕಾಲು ಮಡಚಿ ಕೂತು ಕಾಫಿ ಆರಿದೆಯೆಂದು ತಕರಾರು ಮಾಡುತ್ತಿದ್ದರು. ಅಷ್ಟರಲ್ಲಿ ಫೋನ್ ಬಂತು, ಗುರುತಿಲ್ಲದ ನಂಬರು. ಅವರು ಸ್ಪೀಕರಿಗೆ ಹಾಕಿದರು. ಧಾರವಾಡದಿಂದ ಒಬ್ಬ ಸಂಶೋಧನಾ ವಿದ್ಯಾರ್ಥಿನಿ.

"ಮೇಡಮ್ಮಾರ, ನಿಮ್ಮ ಪೇಪರ್ ಓದಿ ನಾವೂ ಇಲ್ಲೆ ಮಾಡೇವ್ರಿ. ಚಿಪ್ಪು ತರಿಸಿ, ನೀವು ಬರದಂಗ ಸುಟ್ಟು, ಬೆಳ್ಳಗಾಗೂದು ನಿಲ್ಲೂತನಕಾ ಬೇಯಿಸೇವ್ರಿ. ಅದನ್ನ ಹೇಳೂಣಂತ ಫೋನ್ ಮಾಡಿದೆ."

ಮೇಡಮ್ ಕಾಲು ಕೆಳಗಿಟ್ಟು ನೆಟ್ಟಗೆ ಕೂತರು. "ಎಷ್ಟು ಬಂತಮ್ಮ?"

"ಇನ್ನೂ ಹೆಚ್ಚಿಗೆ ಬರತೈತೇನೋ ಅಂತ ಭಾಳ ಪ್ರಯತ್ನ ಮಾಡಿದ್ವಿರಿ. ಬರಲಿಲ್ಲ. ನೀವು ಬರದಷ್ಟ ಬಂತ್ರಿ."

"ಅಷ್ಟೇನಾ? ಇನ್ನೊಂದ್ ಸಲ ಮಾಡಿದ್ರಾ?"

"ಮಾಡಿದ್ವಿರಿ. ಎಷ್ಟ ಸಲ ಮಾಡಿದ್ರೂ ಅಷ್ಟರಿ."

ಮೇಡಮ್ ಆ ಹುಡುಗಿಯ ಹೆಸರು, ಊರು, ಊಟವಾಯಿತೇ ಎಂಬುದನ್ನೆಲ್ಲ ಕೇಳಿ ಫೋನ್ ಇಟ್ಟರು. ಇಟ್ಟ ಮೇಲೆ ಕೋಣೆಯಲ್ಲಿ ಒಮ್ಮೆ ಹೋಗಿ ಬಂದರು. ಆರಿದ ಕಾಫಿಯನ್ನು ಪೂರ್ತಿ ಕುಡಿದುಬಿಟ್ಟರು.

ತಂಗಿ ಮಿಷನ್ ನಿಲ್ಲಿಸಿ ನನ್ನ ಮುಖ ನೋಡಿದರು, ಆಮೇಲೆ ಅಕ್ಕನ ಮುಖ. "ಏನ್ ಆಪಾ, ಪಾಪ ಆ ಹುಡುಗಿ ಅಷ್ಟೊಂದು ಕಷ್ಟಪಟ್ರೂ ಬರೀ ಅಷ್ಟೇ ಬಂತು ಅಂತಿದಾಳೆ. ಅಷ್ಟೇ ಬಂದಿದ್ದಕ್ಕೆ ಇಷ್ಟೊಂದು ಖುಷೀನಾ?"

"ಅಷ್ಟೇ ಬಂದಿದ್ದಕ್ಕೇ ಕಣೇ," ಅಂದರು ಮೇಡಮ್.